‘ಏನಿಲ್ಲ ರೀ’ ಅನ್ನುವ ಸುಳ್ಳು

‘ಯಾಕೆ, ಮುಖ ಬಾಡಿದೆ?’ ‘ಏನಿಲ್ಲ ರೀ.’

‘ಊಟ ಆಯ್ತಾ?’ ‘ಓ, ಆಗ್ಲೇ ಆಯ್ತು.’

‘ಹಬ್ಬಕ್ಕೆ ನಿಂಗೇನು ಬೇಕು?’ ‘ನಂಗೇನೂ ಬೇಡ, ಮಕ್ಕಳಿಗೆ ತಗೊಳ್ಳಿ.’

‘ಅಮ್ಮಾ, ಮೈ ಬಿಸಿ ಇದೆ, ಜ್ವರಾನಾ?’ ‘ಇಲ್ಲ ಪುಟ್ಟಾ, ಒಲೆ ಮುಂದೆ ನಿಂತಿದ್ನಲ್ಲ, ಅದಕ್ಕೆ.’

ಇವುಗಳಲ್ಲಿ ಎಷ್ಟು ಮಾತು ನಿಮ್ಮವು? ಈ ವಾರ ಎಷ್ಟು ಸಲ ಆಡಿದ್ದೀರಿ? ಲೆಕ್ಕ ಹಾಕಲು ಹೊರಟರೆ ಬಹುಶಃ ಬೆರಳು ಸಾಲದು. ಸುಳ್ಳು ಹೇಳಿದೆ ಅಂತ ನಮಗೆ ಅನ್ನಿಸುವುದೂ ಇಲ್ಲ. ಅನ್ನಿಸುವುದಾದರೂ ಹೇಗೆ? ಸ್ವಂತ ಲಾಭಕ್ಕೆ ಹೇಳಿದ್ದಲ್ಲ, ಯಾರನ್ನೂ ಮೋಸ ಮಾಡಲು ಹೇಳಿದ್ದಲ್ಲ. ದುಡಿದು ಬಂದವರಿಗೆ ಬೇಜಾರಾಗಬಾರದು, ಓದುವ ಮಕ್ಕಳಿಗೆ ತೊಂದರೆ ಆಗಬಾರದು, ವಯಸ್ಸಾದವರು ಗಾಬರಿಯಾಗಬಾರದು. ಎಲ್ಲವೂ ಪ್ರೀತಿಯಿಂದಲೇ!

ಸುಳ್ಳಿಗೆ ನಮ್ಮ ಹಿರಿಯರೇ ರಿಯಾಯಿತಿ ಕೊಟ್ಟುಬಿಟ್ಟಿದ್ದಾರೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಅಂದವರು ಅವರೇ ತಾನೆ? ಹಾಗೆ ಶುರುವಾದ ಸಂಸಾರದಲ್ಲಿ ಒಂದೆರಡು ‘ಏನಿಲ್ಲ’ ಸೇರಿದರೆ ಆಕಾಶ ಕಳಚಿ ಬೀಳುತ್ತದೆಯೇ ಅಂತ ನೀವು ಕೇಳಬಹುದು.

ಬೀಳುವುದಿಲ್ಲ. ಆದರೆ ನಿಮ್ಮನ್ನು ನಿಜಕ್ಕೂ ಪ್ರೀತಿಸುವವರಿಗೆ ಆ ಪ್ರೀತಿ ತೋರಿಸಲು ದಾರಿಯೇ ಇಲ್ಲದಂತಾಗುತ್ತದೆ. ನಿಮಗೆ ಹಸಿವಿದೆ ಅಂತ ಗೊತ್ತಿಲ್ಲದವರು ಬಡಿಸುವುದು ಹೇಗೆ? ನೋವಿದೆ ಅಂತ ಗೊತ್ತಿಲ್ಲದವರು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ? ನೀವು ಬಚ್ಚಿಟ್ಟ ಸತ್ಯ ಅವರ ಕೈಗಳನ್ನೂ ಕಟ್ಟಿಹಾಕಿರುತ್ತದೆ.

ತಟ್ಟೆಯ ಮುಂದಿನ ಸುಳ್ಳು

ಮೊದಲು ಅಡುಗೆಮನೆಗೇ ಬನ್ನಿ. ಎಲ್ಲರಿಗೂ ಬಡಿಸಿ ಆದ ಮೇಲೆ ಪಲ್ಯದ ಬಾಣಲೆಯಲ್ಲಿ ಎರಡು ಚಮಚ ಉಳಿದಿರುತ್ತದೆ. ರಾತ್ರಿಗೆ ಯಾರಾದರೂ ಕೇಳಿದರೆ ಬೇಕಲ್ಲ ಅಂತ ಅದನ್ನೂ ಫ್ರಿಜ್‌ಗೆ ಇಡುತ್ತೀರಿ. ನಿಮ್ಮ ತಟ್ಟೆಗೆ ಅನ್ನ, ತಳದ ತಿಳಿಸಾರು, ಒಂದು ಚೂರು ಉಪ್ಪಿನಕಾಯಿ. ಮಕ್ಕಳಿಗೆ ಹೋಳಿಗೆ ಇನ್ನೊಂದು ಬೇಕು ಅಂದಾಗ ‘ನಂಗೆ ಸಿಹಿ ಅಷ್ಟಾಗಿ ಸೇರಲ್ಲ’ ಅಂದುಬಿಡುತ್ತೀರಿ. ಮಕ್ಕಳು ಅದನ್ನು ನಂಬುತ್ತಾರೆ. ದೊಡ್ಡವರಾದ ಮೇಲೂ ‘ನಮ್ಮಮ್ಮಂಗೆ ಹೋಳಿಗೆ ಇಷ್ಟ ಇಲ್ಲ’ ಅಂತಲೇ ಹೇಳಿಕೊಂಡು ಓಡಾಡುತ್ತಾರೆ. ಹೆತ್ತ ತಾಯಿಗೆ ಏನಿಷ್ಟ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ.

ಇದು ಬರೀ ಹೋಳಿಗೆಯ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಸುಮಾರು ಶೇ 48. ಅಂದರೆ ನೂರು ಮಂದಿಯಲ್ಲಿ ಹೆಚ್ಚೂಕಡಿಮೆ ಅರ್ಧ ಮಂದಿ! ಕಾರಣಗಳು ಹಲವು. ಊಟದಲ್ಲಿ ಕಬ್ಬಿಣಾಂಶ ಕಡಿಮೆ ಇರಬಹುದು, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿರಬಹುದು, ಮೇಲಿಂದ ಮೇಲೆ ಬಸಿರು ಬಾಣಂತನ ಆಗಿರಬಹುದು, ಹೊಟ್ಟೆಯಲ್ಲಿ ಜಂತುಹುಳು ಇರಬಹುದು.

ಅದರ ಲಕ್ಷಣಗಳನ್ನು ಒಮ್ಮೆ ನೋಡಿ. ಬೆಳಿಗ್ಗೆ ಎದ್ದಾಗಲೇ ಸುಸ್ತು. ಎರಡು ಮಹಡಿ ಹತ್ತಿದರೆ ಏದುಸಿರು. ಬಗ್ಗಿ ಎದ್ದರೆ ತಲೆಸುತ್ತು. ಸಣ್ಣ ಮಾತಿಗೂ ಸಿಡುಕು. ಇವೆಲ್ಲ ನಾವು ‘ಏನಿಲ್ಲ’ ಅಂತ ತಳ್ಳಿಹಾಕುವ ಸಂಗತಿಗಳೇ ಅಲ್ಲವೇ? ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಒಂದು ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಒಂದು ಸಣ್ಣ ರಕ್ತಪರೀಕ್ಷೆ ಸಾಕು, ಸತ್ಯ ಹೊರಗೆ ಬರುತ್ತದೆ. ನೀವು ಹೇಳದಿದ್ದರೂ ನಿಮ್ಮ ರಕ್ತ ಹೇಳಿಬಿಡುತ್ತದೆ.

ಊಟ ಮುಗಿಯುತ್ತಿದ್ದಂತೆ ಕಾಫಿ, ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಅವು ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ವೈದ್ಯರು ಹೇಳಲಿ. ಮುಖ್ಯವಾಗಿ, ದಿನಕ್ಕೆ ಒಂದು ಹೊತ್ತಾದರೂ ಎಲ್ಲರ ಜೊತೆ ಕೂತು ಊಟ ಮಾಡಿ. ಆಗ ಪಲ್ಯ ಯಾರ ತಟ್ಟೆಯಲ್ಲಿದೆ, ಯಾರ ತಟ್ಟೆಯಲ್ಲಿಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ.

‘ಗ್ಯಾಸ್ಟ್ರಿಕ್ ಇರ್ಬೇಕು ಬಿಡಿ’

ಇನ್ನು ಮೈಯ ವಿಷಯ. ಎದೆ ಹಿಡಿದಂತಾದರೆ ಗ್ಯಾಸ್ಟ್ರಿಕ್. ಬೆನ್ನು ನೋವಾದರೆ ಬಟ್ಟೆ ಒಗೆದದ್ದಕ್ಕೆ. ಮುಟ್ಟು ಹತ್ತು ದಿನ ನಿಲ್ಲದಿದ್ದರೆ ‘ಈ ವಯಸ್ಸಿಗೆ ಹೀಗೇ’. ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕರೆ... ಅದನ್ನಂತೂ ಯಾರ ಹತ್ತಿರವೂ ಹೇಳುವುದೇ ಇಲ್ಲ. ‘ಮಗಳ ಪರೀಕ್ಷೆ ಮುಗೀಲಿ, ಮೈದುನನ ಮದುವೆ ಆಗ್ಲಿ, ಆಮೇಲೆ ನೋಡೋಣ’ ಅಂತ ಮುಂದೂಡುತ್ತೇವೆ.

ಹೃದಯಾಘಾತ ಅಂದರೆ ಎದೆ ಹಿಡಿದುಕೊಂಡು ಕುಸಿದು ಬೀಳುವುದು ಅಂತ ಸಿನಿಮಾ ನೋಡಿ ನಮಗೆಲ್ಲ ಅಭ್ಯಾಸ. ಹೆಂಗಸರಲ್ಲಿ ಅದು ಯಾವಾಗಲೂ ಹಾಗೆ ಬರುವುದಿಲ್ಲ. ದವಡೆ, ಕತ್ತು, ಬೆನ್ನು ನೋವು, ಕಾರಣವಿಲ್ಲದ ವಿಪರೀತ ಸುಸ್ತು, ಉಸಿರು ಕಟ್ಟಿದಂತಾಗುವುದು, ಹೊಟ್ಟೆ ತೊಳಸುವುದು, ತಣ್ಣಗೆ ಬೆವರುವುದು ಹೀಗೂ ಬರಬಹುದು. ‘ಏನಿಲ್ಲ’ ಅಂತ ಜೀರಿಗೆ ಕಷಾಯ ಕುಡಿದು ಮಲಗಿದರೆ ಚಿಕಿತ್ಸೆಗೆ ಸಿಗಬೇಕಾದ ಮೊದಲ ಒಂದೆರಡು ಗಂಟೆ ಕೈತಪ್ಪಿ ಹೋಗುತ್ತದೆ.

ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಕೂಡ ಹಾಗೇ. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಕಾಯಿಲೆಯ ಜೊತೆಗೆ ಇವುಗಳ ತಪಾಸಣೆಗೂ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿ ಅವಕಾಶ ಇದೆ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಕಾಯಿಲೆ ಕೈಮೀರಿದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ಗಂಡ, ಮಕ್ಕಳು ಆಡುವ ಮಾತು ಒಂದೇ: ‘ಒಂದು ಮಾತು ಹೇಳಬಾರದಿತ್ತಾ?’ ಅದು ಸಿಟ್ಟಲ್ಲ, ಜೀವನಪೂರ್ತಿ ಉಳಿಯುವ ಸಂಕಟ. ಅವರಿಗೆ ನೋವಾಗಬಾರದು ಅಂತ ಬಚ್ಚಿಟ್ಟ ಸುಳ್ಳು ಕೊನೆಗೆ ಅವರಿಗೇ ಅತ್ಯಂತ ದೊಡ್ಡ ನೋವು ಕೊಡುತ್ತದೆ.

ಸಾಸಿವೆ ಡಬ್ಬಿಯ ಗುಟ್ಟು

ಈಗ ದುಡ್ಡಿನ ವಿಷಯ. ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಮಡಿಸಿಟ್ಟ ರೇಷ್ಮೆ ಸೀರೆ... ಎಲ್ಲಿ ಎಷ್ಟಿದೆ ಅನ್ನುವುದು ನಿಮಗೆ ಮಾತ್ರ ಗೊತ್ತು. ತರಕಾರಿಯಲ್ಲಿ ಐದು, ಹಾಲಿನಲ್ಲಿ ಎರಡು ಅಂತ ಉಳಿಸಿದ ದುಡ್ಡು. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾದಾಗ ಈ ಡಬ್ಬಿಗಳೆಲ್ಲ ಬಾಯಿ ಬಿಡಬೇಕಾಯಿತು. ‘ಇಷ್ಟೊಂದು ಎಲ್ಲಿತ್ತೇ?’ ಅಂತ ಕೇಳಿದ ಗಂಡಂದಿರೆಷ್ಟೋ, ತಲೆ ತಗ್ಗಿಸಿ ನಿಂತ ಹೆಂಡತಿಯರೆಷ್ಟೋ!

ತಲೆ ತಗ್ಗಿಸುವ ಅಗತ್ಯ ಇರಲಿಲ್ಲ. ನೋಟು ರದ್ದತಿಯ ಹೊತ್ತಿನಲ್ಲಿ ಗೃಹಿಣಿಯರು ಬ್ಯಾಂಕಿಗೆ ಕಟ್ಟಿದ 2.5 ಲಕ್ಷ ರೂಪಾಯಿವರೆಗಿನ ಉಳಿತಾಯವನ್ನು ಲೆಕ್ಕಕ್ಕೆ ಸಿಗದ ಆದಾಯ ಅಂತ ಪರಿಗಣಿಸಬಾರದು ಎಂದು 2021ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ ಹೇಳಿತು. ಮನೆಖರ್ಚಿನಲ್ಲಿ ಹೆಣ್ಣುಮಕ್ಕಳು ಉಳಿಸುವುದು ಕಳ್ಳತನವಲ್ಲ, ಜಾಣತನ.

ಹಾಗಾದರೆ ಡಬ್ಬಿಯ ದುಡ್ಡು ಸುಳ್ಳೇ, ಅಲ್ಲವೇ? ನಿಮ್ಮದೇ ಅಂತ ಸ್ವಲ್ಪ ಹಣ ಇರುವುದು ನಿಮ್ಮ ಹಕ್ಕು. ಅದರಲ್ಲಿ ಪ್ರತಿ ಪೈಸೆಗೂ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಇದೆ ಅನ್ನುವುದೇ ಯಾರಿಗೂ ಗೊತ್ತಿಲ್ಲದಿದ್ದರೆ? ಚೀಟಿ ಯಾರ ಹತ್ತಿರ ಹಾಕಿದ್ದೀರಿ, ಬಳೆ ಯಾವ ಬ್ಯಾಂಕಿನಲ್ಲಿ ಅಡವಿದೆ, ಎಫ್.ಡಿ. ಯಾವ ಶಾಖೆಯಲ್ಲಿದೆ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ನಾಳೆ ನಿಮಗೇ ತುರ್ತು ಬಂದಾಗ ಆ ದುಡ್ಡು ನಿಮ್ಮ ಉಪಯೋಗಕ್ಕೂ ಬರುವುದಿಲ್ಲ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಅಂಥ ಠೇವಣಿ ಹುಡುಕಲೆಂದೇ ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆಯಬೇಕಾಯಿತು ಅಂದರೆ ಎಷ್ಟು ಮನೆಗಳಲ್ಲಿ ಎಷ್ಟು ಗುಟ್ಟುಗಳಿವೆ ಅಂತ ನೀವೇ ಊಹಿಸಿ. ಇದು ಗಂಡಸರಿಗೂ ಅನ್ವಯಿಸುವ ಮಾತು. ‘ಆಫೀಸ್ ಟೆನ್ಷನ್, ಏನಿಲ್ಲ’ ಅನ್ನುವವರ ಹಿಂದೆ ಒಂದು ಕೈಸಾಲ ಅಡಗಿರಬಹುದು. ನೀವು ಲೆಕ್ಕ ಬಿಚ್ಚಿಟ್ಟರೆ ಅವರಿಗೂ ಬಿಚ್ಚಿಡಲು ಧೈರ್ಯ ಬರುತ್ತದೆ.

ಮಕ್ಕಳಿಗೆ ಎಲ್ಲವೂ ಗೊತ್ತಾಗುತ್ತದೆ

‘ಅಪ್ಪ ಮನೇಲಿಲ್ಲ ಅಂತ ಹೇಳು’ ಅಂತ ಮಗನ ಕೈಗೆ ಫೋನ್ ಕೊಡುತ್ತೇವೆ. ಮರುದಿನ ಅವನು ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟರೆ ‘ಸುಳ್ಳು ಹೇಳೋದನ್ನ ಎಲ್ಲಿ ಕಲಿತೆ?’ ಅಂತ ಗದರುತ್ತೇವೆ. ಎಲ್ಲಿ ಕಲಿತ ಅಂತ ಅವನಿಗೆ ಗೊತ್ತು. ನಮಗೇ ಮರೆತಿರುತ್ತದೆ.

ಮನೆಯಲ್ಲಿ ಸಾವಾದಾಗಲೂ ಅಷ್ಟೇ. ‘ತಾತ ಊರಿಗೆ ಹೋಗಿದ್ದಾರೆ’, ‘ಅಜ್ಜಿ ಮಲಗಿದ್ದಾಳೆ’ ಅಂದುಬಿಡುತ್ತೇವೆ. ಊರಿಗೆ ಹೋದ ತಾತ ಯಾವತ್ತು ಬರ್ತಾರೆ ಅಂತ ಮಗು ಬಾಗಿಲು ಕಾಯುತ್ತದೆ. ಮಲಗಿದವರು ಏಳುವುದೇ ಇಲ್ಲ ಅಂತಾದರೆ ತಾನು ಮಲಗಲು ಹೆದರುತ್ತದೆ. ‘ತಾತ ತೀರಿಕೊಂಡರು, ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು, ಇನ್ನು ವಾಪಸ್ ಬರಲ್ಲ. ನಮಗೆಲ್ಲ ತುಂಬಾ ದುಃಖ ಆಗಿದೆ’ ಅಂತ ಸರಳವಾಗಿ, ತಬ್ಬಿಕೊಂಡು ಹೇಳಿ. ಮಕ್ಕಳ ಮನಸ್ಸು ಬಲ್ಲ ತಜ್ಞರು ಹೇಳುವುದೂ ಇದನ್ನೇ.

ಪುಣ್ಯಕೋಟಿಯ ಕಥೆ ನಮಗೆಲ್ಲ ಬಾಯಿಪಾಠ. ಹುಲಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ ಅಂತ ಎಲ್ಲರೂ ಆ ಹಸುವನ್ನು ಹೊಗಳುತ್ತೇವೆ. ಆದರೆ ಅದು ದೊಡ್ಡಿಗೆ ಬಂದು ಮಾಡಿದ ಕೆಲಸವನ್ನು ಒಮ್ಮೆ ಯೋಚಿಸಿ. ಕರುವಿಗೆ ಹಾಲೂಡಿಸಿ, ‘ಮೇಯೋಕೆ ಹೋಗಿ ಬರ್ತೀನಿ’ ಅಂತ ಒಂದು ಸುಳ್ಳು ಹೇಳಿ ಹೊರಟುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಅಂತ ಕರುವಿಗೇ ಹೇಳಿತು. ಅದರ ಗೋಳು ಕೇಳಿತು. ಉಳಿದ ಹಸುಗಳನ್ನು ಕರೆದು ತಬ್ಬಲಿ ಮಗುವನ್ನು ಅವುಗಳ ಕೈಗೊಪ್ಪಿಸಿತು. ಹುಲಿಗೆ ಹೇಳಿದ ಸತ್ಯಕ್ಕಿಂತ ಕರುವಿಗೆ ಹೇಳಿದ ಸತ್ಯ ಕಷ್ಟದ್ದು. ಅದನ್ನು ಹೇಳಿದ್ದರಿಂದಲೇ ಕರುವಿಗೆ ನಾಲ್ಕು ಜನ ದಿಕ್ಕಾದರು.

ಹಾಗಂತ ಚುಚ್ಚಿ ಮಾತಾಡಬೇಕೇ?

ಬೇಡವೇ ಬೇಡ! ‘ನಾನು ಇರೋದು ನೇರ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ’ ಅಂತ ಎದುರಿನವರ ಮನಸ್ಸು ಮುರಿಯುವವರನ್ನು ನೀವೂ ನೋಡಿರುತ್ತೀರಿ. ಅಂಥವರಿಗೇ ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು’ ಅನ್ನುವ ಗಾದೆ ಹುಟ್ಟಿರುವುದು. ಅತ್ತೆ ಕಷ್ಟಪಟ್ಟು ಮಾಡಿದ ಸಾರಿಗೆ ಉಪ್ಪು ಒಂದು ಚೂರು ಕಡಿಮೆ ಇದ್ದರೆ ಅದನ್ನು ಊರಿಗೆಲ್ಲ ಸಾರಬೇಕಿಲ್ಲ. ‘ಘಮ ಚೆನ್ನಾಗಿದೆ ಅತ್ತೆ’ ಅಂದು ನಿಮ್ಮ ತಟ್ಟೆಗೆ ಚಿಟಿಕೆ ಉಪ್ಪು ಹಾಕಿಕೊಂಡರೆ ಸತ್ಯಕ್ಕೆ ಯಾವ ಭಂಗವೂ ಬರುವುದಿಲ್ಲ.

ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು? ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ‘ಇದನ್ನು ಹೇಳದಿದ್ದರೆ ಮುಂದೆ ಯಾರಿಗಾದರೂ ತೊಂದರೆ ಇದೆಯಾ?’ ಇದ್ದರೆ ಹೇಳಿ. ಇಲ್ಲದಿದ್ದರೆ ಬಿಡಿ.

ಹೇಳುವಾಗ ‘ನೀವು’ ಅಂತ ಶುರು ಮಾಡಬೇಡಿ, ‘ನಂಗೆ’ ಅಂತ ಶುರು ಮಾಡಿ. ‘ನೀವು ಯಾವತ್ತಾದ್ರೂ ಒಂದು ಲೋಟ ತೊಳೆದಿದ್ದೀರಾ?’ ಅಂದರೆ ಅದು ಜಗಳಕ್ಕೆ ಕರೆ. ‘ನಂಗೆ ಇವತ್ತು ಸೊಂಟ ತುಂಬಾ ನೋಯ್ತಿದೆ ರೀ. ರಾತ್ರಿ ಪಾತ್ರೆ ನೀವು ತೊಳೆದುಬಿಡಿ’ ಅಂದರೆ ಅದು ಸತ್ಯ, ಜೊತೆಗೆ ಒಂದು ಕೆಲಸ. ಕೇಳಲು ಸಂಕೋಚವೇ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಲೆಕ್ಕ ಸಿಕ್ಕಿತು. ಐದು ಗಂಟೆಯ ಕೆಲಸ ಮಾಡಿದವರಿಗೆ ಸುಸ್ತಾಗಿದೆ ಅನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

ಹೊತ್ತು ಗೊತ್ತು ಕೂಡ ಮುಖ್ಯ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಪುರಾಣ ಬಿಚ್ಚಬೇಡಿ. ಕಾಫಿ ಕುಡಿದು, ಟಿ.ವಿ. ಆರಿಸಿ, ಫೋನ್ ಪಕ್ಕಕ್ಕಿಟ್ಟ ಮೇಲೆ ಹೇಳಿ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂದದ್ದು ಸುಮ್ಮನೆ ಅಲ್ಲ.

ಸತ್ಯ ಹೇಳಿದರೆ ಏಟು ಬೀಳುವ ಮನೆಯಲ್ಲಿ...

ಇಷ್ಟು ಓದಿ ಕೆಲವರು ಮನಸ್ಸಿನಲ್ಲೇ ಅಂದುಕೊಂಡಿರಬಹುದು, ‘ನಮ್ಮನೇಲಿ ಸತ್ಯ ಹೇಳಿದ್ರೆ ನಾನು ಉಳಿಯಲ್ಲ’ ಅಂತ. ಅಂಥ ಮನೆಯಲ್ಲಿ ‘ಏನಿಲ್ಲ’ ಅನ್ನುವುದು ಸುಳ್ಳಲ್ಲ, ಅದು ನಿಮ್ಮ ಗುರಾಣಿ. ಅದನ್ನು ಇಟ್ಟುಕೊಳ್ಳಿ. ಪ್ರೀತಿ ಇರುವ ಕಡೆ ಮಾತ್ರ ಸತ್ಯಕ್ಕೆ ಬೆಲೆ.

ಆದರೆ ಆ ಮನೆಯ ಹೊರಗೆ ಒಬ್ಬರಿಗಾದರೂ ನಿಜ ಹೇಳಿ. ಕೆನ್ನೆಯ ಬಾವು ಕಂಡು ಪಕ್ಕದ ಮನೆಯಾಕೆ ಕೇಳಿದಾಗ ‘ಬಾಗಿಲು ತಗುಲಿತು’ ಅನ್ನಬೇಡಿ. ತವರಿನವರಿಗೆ, ಗೆಳತಿಗೆ, ವೈದ್ಯರಿಗೆ, ಯಾರಿಗಾದರೂ ಸರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ದೌರ್ಜನ್ಯವೇ. ವಾಸಿಸುತ್ತಿರುವ ಮನೆಯಲ್ಲೇ ಇರುವ ಹಕ್ಕನ್ನೂ ಅದು ಕೊಡುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಮನಸ್ಸು ತೀರಾ ಕುಗ್ಗಿದ್ದರೆ 2022ರಲ್ಲಿ ಶುರುವಾದ ‘ಟೆಲಿ ಮಾನಸ್’ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೀಗೆ ಶುರು ಮಾಡಿ

* ಒಂದೇ ದಿನಕ್ಕೆ ಎಲ್ಲವನ್ನೂ ಸುರಿಯಬೇಡಿ. ದಿನಕ್ಕೆ ಒಂದು ಸಣ್ಣ ನಿಜ ಸಾಕು. ‘ನಂಗೂ ಒಂದು ಹೋಳಿಗೆ ಇಡ್ರೋ’ ಅನ್ನುವುದೂ ಸತ್ಯವೇ.

* ‘ಏನಿಲ್ಲ’ ಅಂತ ಬಾಯಿಗೆ ಬಂದಾಗ ಅದರ ಬದಲು ‘ಏನೋ ಇದೆ, ರಾತ್ರಿ ಹೇಳ್ತೀನಿ’ ಅನ್ನಿ. ಮರೆಯದೆ ಹೇಳಿ ಕೂಡ.

* ವರ್ಷಕ್ಕೊಮ್ಮೆ ನಿಮ್ಮ ಹಿಮೋಗ್ಲೋಬಿನ್, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಡದೆ ಎಲ್ಲರಿಗೂ ತೋರಿಸಿ.

* ಚೀಟಿ, ಎಫ್.ಡಿ., ಒಡವೆ ಸಾಲ, ವಿಮೆ ಇವೆಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನೀವು ಪೂರ್ತಿ ನಂಬುವ ಒಬ್ಬರಿಗೆ ಅದು ಎಲ್ಲಿದೆ ಅಂತ ಹೇಳಿ. ಖಾತೆಗಳಿಗೆ ನಾಮಿನಿ ಹೆಸರು ಇದೆಯೇ ನೋಡಿಕೊಳ್ಳಿ. ಪಿನ್, ಒಟಿಪಿ ಮಾತ್ರ ಯಾರಿಗೂ ಬೇಡ!

* ಮಕ್ಕಳು ತಪ್ಪು ಒಪ್ಪಿಕೊಂಡಾಗ ಮೊದಲು ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

* ಗಂಡ ‘ಏನಿಲ್ಲ’ ಅಂದಾಗಲೂ ಅಲ್ಲಿಗೇ ಬಿಡಬೇಡಿ. ಕೆದಕಬೇಡಿ, ಪಕ್ಕದಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತಿರಿ.

ಕೊನೆಯದಾಗಿ, ಈ ‘ಏನಿಲ್ಲ’ವನ್ನು ನಾವು ಕಲಿತದ್ದು ಎಲ್ಲಿ? ನಮ್ಮ ಅಮ್ಮಂದಿರಿಂದ. ಊರಿನಲ್ಲಿ ಒಬ್ಬರೇ ಇರುವ ಅಮ್ಮ ಫೋನಿನಲ್ಲಿ ‘ಚೆನ್ನಾಗಿದ್ದೀನಿ ಕಣೇ, ನನ್ನ ಯೋಚನೆ ಬಿಡು’ ಅಂತಾರೆ. ನಾವು ‘ಸರಿಯಮ್ಮ’ ಅಂತ ಇಟ್ಟುಬಿಡುತ್ತೇವೆ. ಇವತ್ತು ಫೋನ್ ಮಾಡಿದಾಗ ‘ಹೇಗಿದ್ದೀಯಮ್ಮ?’ ಅಂತ ಕೇಳಬೇಡಿ. ‘ಮಧ್ಯಾಹ್ನ ಏನು ಅಡುಗೆ ಮಾಡಿದ್ದೆ? ಎಷ್ಟು ಹೊತ್ತಿಗೆ ಉಂಡೆ? ಮಂಡಿನೋವಿನ ಮಾತ್ರೆ ಇನ್ನೂ ಎಷ್ಟು ಉಳಿದಿದೆ?’ ಅಂತ ಕೇಳಿ. ಇಂಥ ಪ್ರಶ್ನೆಗೆ ‘ಏನಿಲ್ಲ’ ಅನ್ನಲು ಬರುವುದಿಲ್ಲ. ಆಮೇಲೆ ಅವರು ನಿಮ್ಮನ್ನು ಕೇಳುತ್ತಾರೆ. ಆಗ ನೀವೂ ನಿಜ ಹೇಳಿಬಿಡಿ.